ಬೀಗರೂಟಕ್ಕೆ ಬಂದ ಇಡ್ಲಿ

ಅಕ್ಕನ ಮಗಳ ಬೀಗರೂಟ ನಡೆದದ್ದು ಭೇರ್ಯದ ಪಕ್ಕದಲ್ಲಿರುವ ಅಕ್ಕನ ಊರಿನಲ್ಲಿ. ಅಡುಗೆ ನನ್ನದು. ಆ ಊಟ ಹೇಗೆ ಕೆಟ್ಟಿತೆಂದು ಕೆ.ಆರ್. ನಗರ ತಾಲ್ಲೂಕಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ನನ್ನೊಬ್ಬನನ್ನು ಬಿಟ್ಟು. ಎಲೆ ಹಾಕುವ ಹೊತ್ತಿಗೆ ನಾನು ಶಾಮಿಯಾನದ ಹಿಂದೆ ಸೌಟು ತಬ್ಬಿಕೊಂಡು ಮಲಗಿದ್ದೆನಂತೆ.

ನಾನು ಸಾಮಾನ್ಯ ಅಡುಗೆಯವನೇನೂ ಆಗಿರಲಿಲ್ಲ. ಹಾಗೆಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ. ಸಾಲಿಗ್ರಾಮ, ಹೊಸ ಅಗ್ರಹಾರದ ಕಡೆ ಮಾಂಸದೂಟವೆಂದರೆ ನನಗೇ ಹೇಳಿಕಳಿಸುತ್ತಿದ್ದರು. ಒಲೆಯ ಝಳ ತಡೆಯಲು ಒಂದಿಷ್ಟು ಕುಡಿಯುತ್ತಿದ್ದೆ, ಕೆಲಸ ಮುಗಿದ ಖುಷಿಗೆ ಇನ್ನೊಂದಿಷ್ಟು. ಕೊನೆಕೊನೆಗೆ ಒಲೆ ಹಚ್ಚುವ ಮೊದಲೇ ಕೆಲಸ ಮುಗಿದ ಖುಷಿ ಬಂದುಬಿಡುತ್ತಿತ್ತು.

ಮದ್ಯ ಬಿಡಿಸುವ ಶಿಬಿರಕ್ಕೆ ಹೆಂಡತಿ ಸೇರಿಸಿದಳು. ಅಲ್ಲಿ ಒಬ್ಬೊಬ್ಬರೂ ತಮ್ಮ ಕಥೆ ಹೇಳಬೇಕಿತ್ತು. ಉಳಿದವರು ಅಳುತ್ತಾ ಹೇಳಿದರು. ನಾನು ಬೀಗರೂಟದ ಕಥೆಗೆ ನಾಲ್ಕಾರು ಕಡೆ ಕೇಳಿದ್ದನ್ನೆಲ್ಲ ಸೇರಿಸಿ, ಒಗ್ಗರಣೆ ಹಾಕಿ ಹೇಳಿದೆ. ಇಡೀ ಶಿಬಿರ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಮೊದಲು ಗುಣವಾಗುವವನು ನಾನೇ ಎಂದುಕೊಂಡೆ. ಆಪ್ತಸಲಹೆಗಾರರು ಮಾತ್ರ ನಗಲಿಲ್ಲ. "ನಿಮ್ಮಿಂದ ನೊಂದವರ ಮನೆಗೆ ಹೋಗಿ. ಸಮಜಾಯಿಷಿ ಕೊಡಬೇಡಿ. ಕೂತು ಕೇಳಿಸಿಕೊಳ್ಳಿ" ಎಂದರು.

ಹಾಗಾಗಿ ಅಕ್ಕನ ಮನೆಗೆ ಹೋದೆ. ನನ್ನನ್ನು ಕಂಡದ್ದೇ ಭಾವ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಗದ್ದೆಯ ಕಡೆ ಹೊರಟರು. ಬೀಗರೂಟದ ದಿನದಿಂದ ಅವರು ನನ್ನೊಡನೆ ಮಾತಾಡಿಲ್ಲ. ಅಕ್ಕ ಮೆಟ್ಟಿಲ ಮೇಲೆ ಕೂತಳು.

"ಅವತ್ತು ಏನಾಯ್ತು ಅಂತ ನೀನೇ ಹೇಳಕ್ಕ" ಎಂದೆ.

"ನೀನು ಸಾರಿಗೆ ಉಪ್ಪಾಕಿದ್ದೆ. ತಿರ್ಗಾ ಆಕ್ದೆ. ಆಗ್ಲೇ ಆಕಿದ್ದೀಯ ಅಂದೋರಿಗೆ ಬೈದು ಇನ್ನೊಂದ್ ಬೊಗ್ಸೆ ಸುರುದೆ. ನಾವು ಅದೇನೋ ತಮಾಸೆ ಮಾಡ್ತಾವ್ನೆ ಅನ್ಕೊಂಡ್ವಿ ಕಣ್ಲಾ. ಬೀಗರು ಮುದ್ದೆ ಮುರ್ದು ಸಾರಲ್ಲಿ ಅದ್ದಿ ಬಾಯಿಗಿಟ್ಕೊಂಡ್ರು. ಅಂಗೇ ಕುಂತ್ಬುಟ್ರು. ಒಬ್ಬರಾದ್ರೂ ಬೈದಿದ್ರೆ ಆಗೋದು. ಯಾರೂ ಬೈಲಿಲ್ಲ. ಎಲೆ ಮಡಿಚಿದ್ರು. ನಿಮ್ ಭಾವ ಒಂದೊಂದ್ ಎಲೆ ಮುಂದೂ ನಿಂತು ಕೈ ಮುಗುದ್ರು."

"ಆಮೇಲೆ?"

"ಆಮೇಲಿನ್ನೇನು. ಸಾಲಿಗ್ರಾಮದ ಹೋಟ್ಲಿಂದ ಇಡ್ಲಿ ತರ್ಸಿದ್ವಿ. ಬೀಗರೂಟಕ್ಕೆ ಇಡ್ಲಿ."

ಇಡ್ಲಿಯ ಸಂಗತಿ ನನಗೆ ಗೊತ್ತಿರಲಿಲ್ಲ. ಶಿಬಿರದಲ್ಲಿ ಹೇಳಲು ಸಿಗಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ನಕ್ಕುಬಿಟ್ಟೆ. "ಇಡ್ಲಿಗಾದ್ರೂ ಉಪ್ಪು ಸರಿಯಾಗಿತ್ತಾ?" ಎಂದೆ.

ಬಾಣಂತನಕ್ಕೆ ಬಂದಿದ್ದ ಅಕ್ಕನ ಮಗಳು ಒಳಗಿನಿಂದಲೇ ಕೇಳಿಸಿಕೊಂಡಿದ್ದಳು. ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು.

"ನಗಬ್ಯಾಡಿ ಮಾವ. ನಮ್ಮತ್ತೆ ಒಂದು ವರ್ಸ ನನ್ನ ಕೈಗೆ ಉಪ್ಪಿನ ಡಬ್ಬ ಕೊಡ್ಲಿಲ್ಲ. ಒಲೆ ಹತ್ರ ಓದ್ರೆ, ನೀನು ಆ ಸೋದರಮಾವನ ಕಡೇಳು, ದೂರ ನಿಂತ್ಕೊ ಅನ್ನೋರು. ಬಂದೋರಿಗೆಲ್ಲ ಏಳ್ಕೊಂಡು ನಗೋರು. ನೀವು ಈಗ ನಕ್ಕಂಗೇ ನಗೋರು."

ಅಷ್ಟು ದಿನ ಆ ಕಥೆಯಲ್ಲಿ ಇದ್ದವರು ನಾನು, ಸೌಟು, ಎಲೆ ಮಡಚಿದ ಬೀಗರು. ಇವಳು ಇರಲೇ ಇಲ್ಲ. ನನ್ನನ್ನೇ ಗೇಲಿ ಮಾಡಿಕೊಂಡರೆ ಲೆಕ್ಕ ಚುಕ್ತಾ ಎಂದುಕೊಂಡಿದ್ದ ಜಾಣ ನಾನು. "ನಿಮ್ಮತ್ತೆ ಹತ್ರ ಹೋಗಿ, ತಪ್ಪು ನನ್ನದು ಅಂತ ಹೇಳಲಾ?" ಎಂದು ಕೇಳಿದೆ.

"ಓಗಿ" ಎಂದಳು. "ತಮಾಸೆ ಮಾಡ್ಬ್ಯಾಡಿ, ಅಷ್ಟೇಯ."

ಮಿರ್ಲೆಯ ಅವಳ ಗಂಡನ ಮನೆಯಲ್ಲಿ ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನಾನು ಅಂಗಳ ದಾಟುವವರೆಗೂ ನನ್ನ ಕಾಲುಗಳನ್ನೇ ನೋಡಿದರು. ನೆಟ್ಟಗೆ ನಡೆಯಬೇಕೆಂಬ ಗಾಬರಿಯಲ್ಲಿ ಜಗಲಿಯ ಮೆಟ್ಟಿಲನ್ನು ಎಡವಿದೆ. ಅವರು ಕೊಟ್ಟ ಮಜ್ಜಿಗೆ, ಕೈ ನಡುಗಿ, ಅರ್ಧ ಪಂಚೆಯ ಮೇಲೆ ಹೋಯಿತು.

"ಇವತ್ತೂ ಆಕ್ಕೊಂಡೇ ಬಂದಿದ್ದೀರ?"

"ಇಲ್ಲ ಕಣ್ರಮ್ಮ. ಕುಡ್ದು ಕುಡ್ದೇ ಹಿಂಗಾಗಿದೆ."

ಆಕೆ ಎದ್ದು ಬಂದು ನನ್ನ ಮುಖದ ಹತ್ತಿರ ಬಾಗಿ ಮೂಸಿ ನೋಡಿದರು. ಮತ್ತೆ ಹೋಗಿ ಕೂತರು. ನಾನು ದಾರಿಯುದ್ದಕ್ಕೂ ಉರುಹೊಡೆದಿದ್ದನ್ನು ಹೇಳಿದೆ. ಕೆಟ್ಟದ್ದು ನನ್ನ ಕೈ, ಆ ಹುಡುಗಿಯದಲ್ಲ. ಅವಳನ್ನು ಅನ್ನುವುದೆಲ್ಲ ನನಗೆ ಸೇರಬೇಕಾದದ್ದು. ಆಕೆ ಬುಟ್ಟಿಯಿಂದ ಕಾಯಿ ತೆಗೆದು ಸುಲಿಯುತ್ತಲೇ ಇದ್ದರು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಶುರುಮಾಡಿದೆ.

"ಕೇಳುಸ್ತು ಬುಡಿ" ಎಂದರು. ಆಮೇಲೆ, "ನೀವು ಕುಡ್ದು ಮಾಡುದ್ರಿ. ನಾನು ಕುಡೀದೆನೇ ಅಂಗಂದೆ."

ಮಡಿಲಿನಲ್ಲಿದ್ದ ಸಿಪ್ಪೆಯನ್ನು ಅಂಗಳಕ್ಕೆ ಕೊಡವಿದರು.

"ಈಗ ಅವಳಿಗೆ ಏನು ಏಳ್ಲಿ ನಾನು?" ಎಂದು ಕೇಳಿದರು. ತಾಲ್ಲೂಕಿಗೆಲ್ಲ ಗೊತ್ತಿರುವ ಕುಡುಕನನ್ನು ಒಬ್ಬರು ಸಲಹೆ ಕೇಳಿದ್ದು ಅದೇ ಮೊದಲು. ನನ್ನದೆಂಬ ಸಲಹೆ ಒಂದೂ ಇಲ್ಲದ್ದರಿಂದ ಶಿಬಿರದಲ್ಲಿ ಹೇಳಿಕೊಟ್ಟದ್ದನ್ನೇ ಒಪ್ಪಿಸಿದೆ. "ಕೂತು ಕೇಳಿಸ್ಕೊಳಿ. ಅವಳು ಹೇಳ್ತಾಳೆ."

ಆಮೇಲೆ ಅತ್ತೆ ಸೊಸೆ ಏನು ಮಾತಾಡಿಕೊಂಡರೋ ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೂಸಿಗೆ ಐದು ತಿಂಗಳಾದ ಮೇಲೆ ಅವಳು ಅದನ್ನು ಎತ್ತಿಕೊಂಡು ಮಿರ್ಲೆಗೆ ಹೋದಳು, ಈಗ ಅಲ್ಲಿ ಅಡುಗೆ ಅವಳದೇ ಎಂದು ಅಕ್ಕ ಹೇಳಿದಳು.

ನನ್ನ ಪಾಡು ಹೇಳುವುದಾದರೆ, ಈಗ ನನ್ನನ್ನು ನಂಬಿ ಯಾರೂ ಅಡುಗೆ ವಹಿಸುವುದಿಲ್ಲ. ಒಂದು ಕಾಲಕ್ಕೆ ನನ್ನ ಕೈಕೆಳಗಿದ್ದವನ ತಂಡದಲ್ಲಿ ಈರುಳ್ಳಿ ಹೆಚ್ಚುತ್ತೇನೆ. ನಾಲಿಗೆಗೆ ರುಚಿಯೂ ಸರಿಯಾಗಿ ಹತ್ತುವುದಿಲ್ಲ. ಅದು ತಿರುಗಿ ಬಂದರೂ ಬರಬಹುದು ಎನ್ನುತ್ತಾರೆ ಡಾಕ್ಟರು. ಈರುಳ್ಳಿ ಹೆಚ್ಚುವಾಗ ಕಣ್ಣಲ್ಲಿ ನೀರು ಬಂದರೆ ಯಾರೂ ಕಾರಣ ಕೇಳುವುದಿಲ್ಲ, ಅದೊಂದು ಅನುಕೂಲ.

ಅಕ್ಕನ ಮನೆಗೆ ಆಗಾಗ ಹೋಗುತ್ತೇನೆ. ಭಾವ ಗದ್ದೆಗೆ ಹೊರಡುತ್ತಾರೆ. ಕಳೆದ ಸಲ ಮಾತ್ರ ಯಾಕೋ ಹೋಗದೆ ಜಗಲಿಯ ಆ ತುದಿಯಲ್ಲಿ ಕೂತಿದ್ದರು. ಸಂಜೆಯಾಗುತ್ತಿದ್ದಂತೆ, ನನ್ನ ಕಡೆ ನೋಡದೆ, "ಲಾಸ್ಟ್ ಬಸ್ಸು ಒಂಟೋಯ್ತದೆ ಅಂತ ಏಳು ಅವನಿಗೆ" ಎಂದು ಅಕ್ಕನಿಗೆ ಹೇಳಿದರು.

ಮನೆಯಿಂದ ಎದ್ದು ಹೋಗೆಂದರೋ, ಬಸ್ಸು ತಪ್ಪದಿರಲಿ ಎಂದರೋ ತಿಳಿಯಲಿಲ್ಲ. ನನ್ನೊಡನೆಯೇ ಆಡಿದ ಮಾತು ಎಂದು ಲೆಕ್ಕಕ್ಕೆ ಹಿಡಿದು, ಚಪ್ಪಲಿ ಮೆಟ್ಟಿಕೊಂಡು ಹೊರಟೆ.