ಮಗಳ ತೋಳಿನ ಸೆನ್ಸರ್

ಮಗಳಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಅವಳು ಆರನೇ ತರಗತಿ. ತೋಳಿಗೆ ಅಂಟಿಸಿದ ಪುಟ್ಟ ಸೆನ್ಸರ್ ರಕ್ತದ ಸಕ್ಕರೆಯ ಅಂಕಿಯನ್ನು ಅವಳ ಚೀಲದ ಫೋನಿಗೆ ಕೊಡುತ್ತಿತ್ತು. ಆ ಫೋನು ಅದನ್ನು ಇಂಟರ್ನೆಟ್ಟಿನ ಮೂಲಕ ಯಡ್ತರೆಯ ಹೊಲಿಗೆ ಅಂಗಡಿಯಲ್ಲಿರುವ ನನ್ನ ಫೋನಿಗೆ ಐದೈದು ನಿಮಿಷಕ್ಕೆ ಕಳಿಸುತ್ತಿತ್ತು.

ಆ ವರ್ಷ ಶಾಲೆಯ ಕ್ರೀಡಾಕೂಟದ ದಿನ ಅಂಕಿ ನೂರರಿಂದ ಇಳಿಯುತ್ತ ಬಂದು ಎಪ್ಪತ್ತೆರಡರಲ್ಲಿ ನಿಂತಿತು. ಇನ್ನೂ ಇಳಿದರೆ ಎಚ್ಚರ ತಪ್ಪಬಹುದು. ಅರ್ಧ ಗಂಟೆ ಹೊಸ ಅಂಕಿಯೇ ಇಲ್ಲ, ಕರೆಯೂ ಹೋಗಲಿಲ್ಲ. ಕತ್ತರಿಸುತ್ತಿದ್ದ ಬಟ್ಟೆ ಬಿಟ್ಟು ಸ್ಕೂಟರ್ ಹತ್ತಿದೆ. “ದೇವರೇ, ಅವಳು ಓಡಿರಬಾರದು” ಎಂದು ದಾರಿಯುದ್ದಕ್ಕೂ ಗೊಣಗಿದೆ.

ಮೈದಾನದಲ್ಲಿ ಎಲ್ಲರ ಕೈಯಲ್ಲೂ ಫೋನು. “ಹ್ವಾಯ್, ನೆಟ್‌ವರ್ಕೇ ಇಲ್ಲೆ. ಎಲ್ರೂ ವಿಡಿಯೋ ಕಳ್ಸುಕ್ ಹೊರಟ್ರ್ ಅಲ್ದಾ,” ಎಂದರು ಗೇಟಿನ ಬಳಿ ನಿಂತಿದ್ದ ಹೆಂಗಸು.

ಮಗಳು ನೀರಿನ ಟ್ಯಾಂಕಿನ ಹಿಂದೆ ಬೆವರಿ ಒದ್ದೆಯಾಗಿ ಒಬ್ಬಳೇ ಕೂತಿದ್ದಳು. ಪಕ್ಕದ ಗೋಡೆಯಾಚೆ ತರಗತಿಯಲ್ಲಿಟ್ಟ ಚೀಲದೊಳಗೆ, ಸಕ್ಕರೆ ಇಳಿದಿದೆ ಎಂದು ಫೋನು ಕೂಗುತ್ತಿದ್ದದ್ದು ಮೈಕಿನ ಗದ್ದಲದಲ್ಲಿ ಯಾರಿಗೂ ಕೇಳಿರಲಿಲ್ಲ.

“ಎಂತ ಆಯ್ತ್ ಮಗಾ?”

“ಅಮ್ಮಾ, ಕಣ್ ಕತ್ಲಿ ಬತ್ತಿತ್.”

ಜೊತೆಗೆ ತಂದಿದ್ದ ಗ್ಲೂಕೋಸ್ ನೀರನ್ನು ಗಡಿಬಿಡಿಯಲ್ಲೇ ಕುಡಿಸಿದೆ. ಅರ್ಧ ಅವಳ ಅಂಗಿಯ ಮೇಲೆ ಚೆಲ್ಲಿತು. ಮುಖಕ್ಕೆ ಕಳೆ ಬರುವವರೆಗೆ ಅವಳನ್ನು ಒರಗಿಸಿಕೊಂಡು ಕೂತೆ.

ಈ ವರ್ಷ ಶಾಲೆಯ ಹತ್ತಿರ ಫೈವ್‌ಜಿ ಬಂದಿದೆ. ನೂರಾರು ಫೋನು ಒಟ್ಟಿಗೆ ನಡೆದರೂ ಇಂಥ ಸಣ್ಣ ಸೆನ್ಸರಿನ ಅಂಕಿಗೂ ಜಾಗ ಸಿಗುತ್ತದೆ ಎಂದು ಟವರಿನ ಕೆಲಸದವರು ಹೇಳಿದರು. ನಿಜ, ಕಳೆದ ವಾರದ ಕ್ರೀಡಾಕೂಟದಲ್ಲಿ ಒಂದು ಅಂಕಿಯೂ ತಪ್ಪಲಿಲ್ಲ. ನಾನು ಅದನ್ನು ನೋಡುತ್ತಿದ್ದದ್ದು ಮಾತ್ರ ಮೈದಾನದಲ್ಲೇ, ಅವಳಿಂದ ಹತ್ತು ಹೆಜ್ಜೆ ದೂರ ಕೂತು.