ಡಿಸ್ಟ್ರಿಬ್ಯೂಟರ್ ಇಲ್ಲದೆ ಓಡಿದ ಇಂಜಿನ್

“ಡಿಸ್ಟ್ರಿಬ್ಯೂಟರ್ ಬಿಚ್ಚಿದ್ ಗಾಡಿ ಹೆಣ ಇದ್ದಂಗೆ ಕಣ್ಲಾ. ಯಾವೋನ್ ಬಂದ್ರೂ ಸ್ಟಾರ್ಟ್ ಆಗಾಕಿಲ್ಲ” ಎಂದವರು ನನ್ನ ಸೋದರಮಾವ. ಪಾವಗಡದಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ. ಕುರಿ ಕಾಯುವ ಮನೆತನದಲ್ಲಿ ಬಿ.ಎಸ್‌ಸಿ. ಮುಗಿಸಿದ ಮೊದಲಿಗ ನಾನು. ಕಿಡಿಯಿಲ್ಲದೆ ಪೆಟ್ರೋಲ್ ಉರಿಯದು, ಆ ಕಿಡಿಯನ್ನು ಹಂಚುವುದೇ ಡಿಸ್ಟ್ರಿಬ್ಯೂಟರ್ ಎಂದು ಓದಿಕೊಂಡವನು. ದೆವ್ವ, ಗಾಳಿ ಎನ್ನುವವರನ್ನು ಕಂಡರೆ ನಗುತ್ತಿದ್ದೆ.

ಎಪ್ಪತ್ತರ ದಶಕದ ಕೊನೆ. ಅಂದು ಕಚೇರಿ ಮುಚ್ಚುವುದರೊಳಗೆ ಮಧುಗಿರಿಯಲ್ಲಿ ಪದವಿಯ ಸರ್ಟಿಫಿಕೇಟ್ ಒಪ್ಪಿಸದಿದ್ದರೆ ನನಗೆ ಬಂದಿದ್ದ ಮೇಷ್ಟ್ರ ಕೆಲಸ ಇನ್ನೊಬ್ಬರ ಪಾಲಾಗುತ್ತಿತ್ತು. ಮಾವ ತಮ್ಮ ಕಾರಿನಲ್ಲೇ ಹೊರಡಿಸಿದರು. ಅರ್ಧ ದಾರಿಯಲ್ಲಿ ಇಂಜಿನ್ ಕೆಮ್ಮಿ ನಿಂತಿತು. ಡಿಸ್ಟ್ರಿಬ್ಯೂಟರಿನ ಆಯಿಲ್ ಸೀಲ್ ಹರಿದು, ಕಿಡಿ ಹುಟ್ಟುವ ಜಾಗವೆಲ್ಲ ಆಯಿಲ್‌ನಲ್ಲಿ ತೊಯ್ದಿತ್ತು.

ಮಾವ ಇಂಜಿನ್ನಿನ ಜೊತೆ ತಿರುಗುವ ಪುಲ್ಲಿ ಚಕ್ರಕ್ಕೂ ಪಕ್ಕದ ಕಬ್ಬಿಣಕ್ಕೂ ನೇರವಾಗಿ ಒಂದು ಗೀರು ಹಾಕಿದರು. ಮತ್ತೆ ಜೋಡಿಸುವ ತನಕ ಇಂಜಿನ್ ತಿರುಗಬಾರದು. ಅದಕ್ಕೇ ಆ ಗುರುತು. ಸೀಲಿನ ಅಳತೆಗೆ ಬೇಕೆಂದು ಡಿಸ್ಟ್ರಿಬ್ಯೂಟರನ್ನೇ ಕಿತ್ತು ಟವೆಲ್ಲಿನಲ್ಲಿ ಸುತ್ತಿಕೊಂಡರು. ಅದು ಕೂತಿದ್ದ ತೂತಿಗೆ ಬಟ್ಟೆ ತುರುಕಿ, ಬಾನೆಟ್ ಮುಚ್ಚಿ, ಪಾವಗಡದ ಕಡೆ ಹೋಗುತ್ತಿದ್ದ ಲಾರಿ ಹತ್ತಿದರು. “ಮಧುಗಿರಿ ಬಸ್ ಬಂದ್ರೆ ಹತ್ಕಂಡ್ ಹೋಗ್ಬುಡು. ಗಾಡೀನ ಯಾರೂ ಹೊತ್ಕಂಡ್ ಹೋಗಾಕಿಲ್ಲ.”

ಆ ಕಾರಿನ ಬಾಗಿಲುಗಳಿಗೆ ಒಳಗಡೆ ಹಿಡಿಯೇ ಇರಲಿಲ್ಲ. ಗಾಜು ಇಳಿಸಿ, ಕೈ ಆಚೆ ಹಾಕಿ ತೆಗೆಯಬೇಕು. ಗಾಜು ಇಳಿಸುವ ಹಿಡಿಯೂ ನಾಲ್ಕು ಬಾಗಿಲಿಗೆ ಒಂದೇ. ಅದು ಸದಾ ಮಾವನ ಜೇಬಿನಲ್ಲಿ. ಧೂಳೆದ್ದಾಗ, ಇಸ್ತ್ರಿ ಅಂಗಿ ಕೆಟ್ಟೀತೆಂದು ನಾನು ಹಿಂದಿನ ಸೀಟಿಗೆ ನುಗ್ಗಿ ಬಾಗಿಲೆಳೆದುಕೊಂಡೆ. ಎಳೆದುಕೊಂಡ ಮೇಲೆ ಇದೆಲ್ಲ ನೆನಪಾಯಿತು.

ಬಿಸಿಲಿಗೆ ತಗಡು ಕಾದು ಉಸಿರು ಕಟ್ಟುತ್ತಿತ್ತು. ರೊಪ್ಪದೊಳಗಿನ ಕುರಿಯಂತೆ ಈ ಗಾಜಿನಿಂದ ಆ ಗಾಜಿಗೆ ಹೊರಳಾಡಿದೆ. ಆಗ ಇಂಜಿನ್ ಸ್ಟಾರ್ಟ್ ಆಯಿತು.

ಸೀಟು ನಡುಗುತ್ತಿತ್ತು. ಕೀಲಿ ಮಾವನ ಹತ್ತಿರವೇ ಇತ್ತು. ಸರ್ಟಿಫಿಕೇಟಿನ ಚೀಲ ಎದೆಗವುಚಿಕೊಂಡು ಚಪ್ಪಲಿಯಿಂದ ಗಾಜು ಗುದ್ದಿದೆ, ಒಡೆಯಲಿಲ್ಲ. ಅಷ್ಟರಲ್ಲಿ ಮಧುಗಿರಿ ಬಸ್ಸು ಬಂತು. ಗಂಟಲು ಹರಿಯುವಂತೆ ಕೂಗಿದೆ. ಬಸ್ಸು ನಿಧಾನವಾಯಿತು. ಕಂಡಕ್ಟರ್ ಕಾರನ್ನು ಒಮ್ಮೆ ನೋಡಿ, ರೈಟ್ ಎಂದು ತಟ್ಟಿದ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಇಂಜಿನ್ ತಾನೇ ನಿಂತಿತು.

ಮಾವ ಬಂದು ಬಾಗಿಲು ತೆಗೆದರು. “ಒಳೀಕ್ ಯಾಕ್ ಸೇರ್ಕಂಡ್ಯೋ? ಬಸ್ ಬರ್ನಿಲ್ವಾ?” ಆದದ್ದು ಹೇಳಿದೆ. “ಬಿ.ಎಸ್ಸಿ ತಲೆ ಬಿಸ್ಲಿಗೆ ಬೆಂದೈತೆ” ಎಂದು ನಕ್ಕರು. ಬಾನೆಟ್ ಎತ್ತಿ ಒಳಗೆ ಬಗ್ಗಿದರು. ಬಟ್ಟೆ ಹಾರಿಬಿದ್ದು ತೂತಿನ ಸುತ್ತ ಆಯಿಲ್ ಎರಚಿತ್ತು. ಗೀರುಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. “ಏಮಿರಾ ಇದಿ?” ಏನೋ ಇದು ಎಂದು ಕೇಳಲೂ ಗಾಬರಿಯಲ್ಲಿ ಮಾವನಿಗೆ ತೆಲುಗೇ ಬರುವುದು. ಇಂಜಿನ್ ತಿರುಗಿಸುವ ಹ್ಯಾಂಡಲ್ ಬೀಗ ಹಾಕಿದ ಡಿಕ್ಕಿಯೊಳಗೇ ಇತ್ತು.

ಹೊಸ ಸೀಲ್ ಹಾಕಿ, ಪ್ಲಗ್ಗಿನ ತೂತಿಗೆ ಹೆಬ್ಬೆರಳೊತ್ತಿ ಗಾಳಿಯ ಒತ್ತಡದಿಂದ ಇಂಜಿನ್ನಿನ ಸರಿಯಾದ ನಿಲುವು ಕಂಡುಕೊಂಡು, ಹೇಗೋ ಮತ್ತೆ ಕೂಡಿಸಿದರು. ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಅದೇ ಕಂಡಕ್ಟರ್ ಕಂಡ. ಯಾಕಪ್ಪಾ ನಿಲ್ಲಿಸಲಿಲ್ಲ ಎಂದು ಕೇಳಿದೆ. “ಗಾಡಿ ಸ್ಟಾರ್ಟಲ್ಲೇ ಇತ್ತಲ್ಲ ಸಾ! ಹಿಂದ್ಗಡೆ ಹೊಗೆ ಬರ್ತಿತ್ತು. ಕೆಟ್ಟಿಲ್ಲ ಅಂತ ಬಂದ್ಬುಟ್ವಿ.”

ಇಷ್ಟು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿದ್ದೇನೆ. ಪೆಟ್ರೋಲ್ ಇಂಜಿನ್ನಿನ ಪಾಠ ಬಂದಾಗಲೆಲ್ಲ ಕಿಡಿಯ ಚಿತ್ರ ಬರೆದು, ಸೀಮೆಸುಣ್ಣ ಹಿಡಿದುಕೊಂಡೇ ನಿಂತುಬಿಡುತ್ತೇನೆ. ಅಂದು ಆದದ್ದೇನೆಂದು ಇವತ್ತಿಗೂ ಹೇಳಲಾರೆ.

ಅಂದು ಸಂಜೆ ಕಚೇರಿಯ ಗುಮಾಸ್ತರು ಬೀರು ಮುಚ್ಚುವ ಹೊತ್ತಿಗೆ ಸರ್ಟಿಫಿಕೇಟ್ ಅವರ ಕೈಗಿತ್ತೆ. ಹೊರಗೆ ಬಂದಾಗ ಮಾವ ಪಕ್ಕಕ್ಕೆ ಎಳೆದುಕೊಂಡು, “ಲೇ, ಇದ್ನ ಯಾರ್ಗೂ ಹೇಳ್ಬೇಡ. ನಾನ್ ಹೇಳಿದ್ರೆ ಕುಡ್ದವ್ನೆ ಅಂತಾರೆ. ನೀನು ಓದ್ದೋನು ಕಣ್ಲಾ, ನಂಬ್ಬುಡ್ತಾರೆ. ಆಮ್ಯಾಕೆ ನನ್ ಗಾಡಿ ಯಾರೂ ಹತ್ತಾಕಿಲ್ಲ” ಎಂದರು.