ತೂತಿಲ್ಲದ ಗುಂಡಿಗಳು

ಆ ಬೀದಿಯಲ್ಲಿ ಅವಳನ್ನು ಕತ್ತರಿಯಕ್ಕ ಎಂದರೇ ಗೊತ್ತು. ಹೊಲಿಗೆಯವಳಾದ್ದರಿಂದ ಬಂದ ಹೆಸರು ಎಂದು ಅವಳು ನಂಬಿದ್ದಳು. ಅವಳ ಬಾಯಿಯ ರುಚಿ ಕಂಡವರು ಹಾಗೆ ನಂಬಿರಲಿಲ್ಲ. ಅಳತೆ ಕೊಡಲು ಬಂದವರು ಹೊಟ್ಟೆ ಒಳಕ್ಕೆಳೆದು ನಿಂತರೆ, "ಉಸಿರು ಬಿಡಿ, ಊಟ ಆದ್ಮೇಲೂ ಈ ಅಂಗಿ ಹಾಕ್ಕೋಬೇಕಲ್ವಾ?" ಎಂದು ಎಲ್ಲರೆದುರೇ ಅಂದುಬಿಡುತ್ತಿದ್ದಳು. ಆದರೂ ಜನ ಬರುತ್ತಿದ್ದರು. ಅವಳು ಹೊಲಿದ ಕಾಲರು ಕುತ್ತಿಗೆಗೆ ಒಪ್ಪಿ ಕೂರುತ್ತಿತ್ತು.

ಬಾಡಿಗೆ ಮನೆಯ ಹಿಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಗೆ ಒತ್ತಿಕೊಂಡು ಮೆಷಿನ್, ಕಿಟಕಿಯಾಚೆ ಒಂದು ಪಟ್ಟಿ ಮಣ್ಣು, ಆ ಮಣ್ಣಿನಲ್ಲಿ ಒಂದು ಸಂಜೆಮಲ್ಲಿಗೆಯ ಪೊದೆ. ಅಮ್ಮನ ಗಿಡದಿಂದ ಬಂದದ್ದು. ಅಮ್ಮನೂ ಹೊಲಿಗೆಯವಳೇ. ಹಳದಿ ಹೂವಿನ ಮೇಲೆ ಯಾರೋ ಕುಂಚ ಕೊಡವಿದ ಹಾಗೆ ಕೆಂಪು ಚುಕ್ಕೆ, ಕೆಂಪು ಗೀರು. ಸಂಜೆ ಅದು ಅರಳಿತೋ, ಅಮ್ಮ "ಹೂ ಬಿಡ್ತು, ಮೆಷಿನ್ ನಿಲ್ಸೇ" ಎನ್ನುತ್ತಿದ್ದಳು. ಅರ್ಧ ತೋಳು ಹೊಲಿದಿದ್ದರೂ ಸರಿ, ಎದ್ದು ಬೆನ್ನು ನೆಟ್ಟಗೆ ಮಾಡಿಕೊಂಡು ಚಹಾ ಕುಡಿಯಲೇಬೇಕು. ಅಮ್ಮ ಹೋದಳು, ತವರಿನ ಮನೆ ಬೇರೆಯವರ ಪಾಲಾಯಿತು; ಉಳಿದದ್ದು ಆ ಹೂ, ಆ ಮಾತು. ಕತ್ತರಿಯಕ್ಕ ಪ್ರತಿ ಸಂಜೆ ಆ ಮಾತನ್ನು ತನಗೆ ತಾನೇ ಹೇಳಿಕೊಂಡು ಕತ್ತರಿ ಕೆಳಗಿಡುತ್ತಿದ್ದಳು.

ಅವಳ ಅತ್ತೆಗೆ ಇದೆಲ್ಲ ನಗೆಪಾಟಲು. ಕಾಜಾ ಹಾಕುವುದು, ಗುಂಡಿ ಹಚ್ಚುವುದು ಅತ್ತೆಯ ಪಾಲಿನ ಕೆಲಸ. "ಹೂ ನೋಡಿ ಕೆಲಸ ಬಿಡೋರನ್ನ ನಾನೆಲ್ಲೂ ಕಾಣೆ" ಎಂದು ಮೂಗು ಮುರಿಯುತ್ತಿದ್ದರು. ಚಹಾ ಲೋಟಕ್ಕೆ ಮಾತ್ರ ಮೊದಲು ಕೈ ಚಾಚುತ್ತಿದ್ದವರೂ ಅವರೇ.

ಮನೆ ಮಾಲೀಕರಿಗೆ ಗಾಡಿ ನಿಲ್ಲಿಸಲು ಜಾಗ ಬೇಕಾಯಿತು. ಹಿತ್ತಲಿಗೆ ಕಾಂಕ್ರೀಟ್ ಹಾಕಿಸುವುದೆಂದು ತೀರ್ಮಾನವಾಯಿತು. ಕತ್ತರಿಯಕ್ಕ ಜಗಳವಾಡಿ ಸೋತು, ಪೊದೆಯ ಬೀಜವನ್ನೆಲ್ಲ ಆರಿಸಿಕೊಂಡಳು. ಕಪ್ಪಗೆ, ಉರುಟಾಗಿ, ಮೆಣಸಿನ ಕಾಳಿನಂಥ ಬೀಜ. ಹೊಲಿಗೆಯವರ ಮನೆಯಲ್ಲಿ ಸಣ್ಣದೆಲ್ಲ ಹೋಗಿ ಸೇರುವುದು ಡಬ್ಬಿಗೆ. ಬೀಜವೂ ಗುಂಡಿ ಡಬ್ಬಿಗಳ ಸಾಲಿನಲ್ಲಿ ಒಂದು ಡಬ್ಬಿ ಸೇರಿತು. ಶಾಲೆಯ ನಾಟಕದ ಬಟ್ಟೆ ಮುಗಿಯಲಿ, ಆಮೇಲೆ ಕುಂಡ ತಂದು ಬಿತ್ತೋಣ ಎಂದುಕೊಂಡಳು.

ನಾಟಕದಲ್ಲಿ ಕಾಗೆಗಳ ದೊಡ್ಡ ಹಿಂಡೇ ಇತ್ತು. ರೆಕ್ಕೆ, ಕೊಕ್ಕಿನ ಟೊಪ್ಪಿಗೆ ಎಲ್ಲ ಸೊಸೆ ಹೊಲಿದಳು. ಕಣ್ಣು ಹಚ್ಚುವ ಕೆಲಸ ಅತ್ತೆಗೆ ಬಿಟ್ಟಳು. ಬಟ್ಟೆ ಹೋಯಿತು, ನಾಟಕವಾಯಿತು, ಚಪ್ಪಾಳೆಯೂ ಬಿತ್ತು. ಅಷ್ಟರಲ್ಲಿ ಹಿತ್ತಲು ಕಾಂಕ್ರೀಟಾಗಿತ್ತು. ಕತ್ತರಿಯಕ್ಕ ಕುಂಡಕ್ಕೆ ಮಣ್ಣು ತುಂಬಿ ಡಬ್ಬಿ ತೆರೆದರೆ, ಒಳಗೆ ಏನೂ ಇಲ್ಲ.

"ಅತ್ತೆ, ಇದರಲ್ಲಿದ್ದ ಬೀಜ ಎಲ್ಲಿ?"

"ಬೀಜಾನಾ? ಅದು ಗುಂಡಿ ಅಲ್ವೇನೇ? ನಾನೇ ಬೈಕೊಂಡೆ, ಇದೆಂಥ ಗುಂಡಿ ತಂದಿದ್ದಾಳೆ ಇವಳು, ಒಂದಕ್ಕೂ ತೂತಿಲ್ಲ ಅಂತ. ಮೈದಾ ಕುದಿಸಿ ಅಂಟು ಮಾಡಿ ಕಾಗೆಗೆ ಕಣ್ಣು ಅಂಟಿಸಿದೆ."

ಕತ್ತರಿಯಕ್ಕ ಶಾಲೆಗೆ ಓಡಿದಳು. ಶಾಲೆಯ ಆಯಾ ಬಟ್ಟೆಗಳನ್ನು ಆಗಲೇ ಒಗೆದು ಒಣಗಿಸಿ ಮಡಚಿಟ್ಟಿದ್ದಳು. "ನೆನೆಹಾಕಿದ್ದೇ ತಡ, ಕಣ್ಣೆಲ್ಲ ಉದುರಿಹೋಯ್ತಕ್ಕ. ನೀರಿನ ಜೊತೆ ಚೆಲ್ಲಿಬಿಟ್ಟೆ" ಎಂದಳು. ಚೆಲ್ಲಿದ್ದು ಚರಂಡಿಗೇ ಇರಬೇಕೆಂದು ಕತ್ತರಿಯಕ್ಕ ಕೇಳಲೂ ಹೋಗಲಿಲ್ಲ.

ಅಂದಿನಿಂದ ಆ ಬಾಯಿಗೆ ಬೀಗ ಬಿತ್ತು. ಬೈದಿದ್ದರೆ ಅತ್ತೆಗೆ ಹಗುರವಾಗುತ್ತಿತ್ತು. ಇವಳು ಬೈಯಲೇ ಇಲ್ಲ. ದೀಪ ಹಚ್ಚಿಕೊಂಡು ಹೊಲಿದಳು, ಬೆನ್ನು ನೋವೆಂದರೂ ಏಳಲಿಲ್ಲ. ಚಹಾ ತಣ್ಣಗಾಗುತ್ತಿತ್ತು. ಅತ್ತೆ ಅದನ್ನು ಬಿಸಿ ಮಾಡಿ ತಂದಿಡುವುದು, ಅದು ಮತ್ತೆ ತಣ್ಣಗಾಗುವುದು.

ಮಳೆಗಾಲ ಹಿಡಿದ ಮೇಲೆ ಸಮವಸ್ತ್ರದ ಅಳತೆಗೆಂದು ಶಾಲೆಯಿಂದ ಕರೆ ಬಂತು. ಅತ್ತೆಯೂ ಟೇಪು ಹಿಡಿದುಕೊಂಡು ಹಿಂದೆಯೇ ಹೋದರು. ಆಯಾ ಬಟ್ಟೆ ಒಗೆಯುವ ಹಿಂಗೋಡೆಯ ಬಳಿ ಕತ್ತರಿಯಕ್ಕನ ಕಾಲು ನಿಂತುಬಿಟ್ಟಿತು. ಗೋಡೆಯುದ್ದಕ್ಕೂ ಸಂಜೆಮಲ್ಲಿಗೆ! ಕಲ್ಲಿನ ಸಂದಿಯಲ್ಲಿ, ಒಡೆದ ಬಕೆಟ್ಟಿನೊಳಗೆ, ನಲ್ಲಿಯ ಬುಡದಲ್ಲಿ, ಯಾರ ಅಪ್ಪಣೆಯನ್ನೂ ಕೇಳದೆ ಎದ್ದು ನಿಂತಿದ್ದವು. ಆಯಾ ಬಕೆಟ್ಟಿನ ನೀರನ್ನು ದಿನಾ ಎರಚುತ್ತಿದ್ದುದೇ ಅಲ್ಲಿಗೆ.

ಅತ್ತೆ ಅಲ್ಲೇ ಕುಕ್ಕರಿಸಿ ಕೂತುಬಿಟ್ಟರು. "ನನ್ನ ಕಾಗೆಗಳು ಕಣೇ!"

ಕತ್ತರಿಯಕ್ಕ ಮಾತ್ರ ನಗಲಿಲ್ಲ. ಸಂಜೆಮಲ್ಲಿಗೆ ಹೇಳಿದ ಮಾತು ಕೇಳುವ ಜಾತಿಯಲ್ಲವೆಂದು ಅವಳಿಗೆ ಗೊತ್ತಿತ್ತು. ಹಳದಿಯ ಬೀಜ ಬಿತ್ತಿದರೆ ಗುಲಾಬಿ ಬಣ್ಣವೂ ಬಂದೀತು, ಬರೀ ಬಿಳಿಯೂ ಬಂದೀತು. "ಗಿಡ ಬಂದಿದೆ ಅತ್ತೆ. ಅಮ್ಮನ ಹೂ ಬರುತ್ತೋ ಇಲ್ವೋ."

"ನೋಡಿಕೊಂಡು ಬರ್ತೀನಿ ಬಿಡು" ಎಂದರು ಅತ್ತೆ.

ಆ ಹೂ ಅರಳುವ ಹೊತ್ತಿಗೆ ಶಾಲೆ ಬಿಟ್ಟಿರುತ್ತದೆ. ಸಮವಸ್ತ್ರದ ರಾಶಿಯ ನಡುವೆ ಸೊಸೆಗೆ ಏಳಲಾಗದು. ಹಾಗಾಗಿ ಅತ್ತೆಯೇ ಸಂಜೆಯಾಯಿತೆಂದರೆ ಮಣೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಹೊರಡತೊಡಗಿದರು. "ಅಜ್ಜಿ, ಗೇಟು ಮುಚ್ಚಬೇಕು" ಎಂದು ಕಾವಲುಗಾರ ಗೋಗರೆದರೆ, "ಮುಚ್ಚಪ್ಪ, ನಾನೇನು ಬೇಡ ಅಂದ್ನಾ? ನಾನು ಒಳಗಿರ್ತೀನಿ" ಎಂದು ಮಣೆಯ ಮೇಲೆ ಇನ್ನಷ್ಟು ಗಟ್ಟಿಯಾಗಿ ಕೂರುತ್ತಿದ್ದರು. ಮೊದಲ ಗಿಡ ಗುಲಾಬಿ ಬಣ್ಣದ ಹೂ ಬಿಟ್ಟಿತು. ಎರಡನೆಯದೂ ಗುಲಾಬಿ. ಬಕೆಟ್ಟಿನದು ಅಚ್ಚ ಹಳದಿ, ಚುಕ್ಕೆಯ ಸುಳಿವಿಲ್ಲ. ಅತ್ತೆ ಪ್ರತಿದಿನ ಸಪ್ಪೆ ಮೋರೆ ಹೊತ್ತು ಬಂದು ಚಹಾ ಇಡುತ್ತಿದ್ದರು. ಈಚೆಗೆ ಸೊಸೆ ಅದನ್ನು ಬಿಸಿ ಇರುವಾಗಲೇ ಕುಡಿಯುತ್ತಿದ್ದಳು.

ಒಂದು ಸಂಜೆ ಕತ್ತರಿಯಕ್ಕ ತೋಳು ಕೂಡಿಸುತ್ತಿದ್ದಾಗ ಬೀದಿಯ ಆ ತುದಿಯಿಂದಲೇ ಕೂಗು ಕೇಳಿತು. ಮಣೆ ಎಲ್ಲೋ ಬಿಟ್ಟು, ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ, ಅತ್ತೆ ಏದುಸಿರು ಬಿಡುತ್ತ ಬಾಗಿಲಿಗೆ ಬಂದು ನಿಂತರು.

"ಹೂ ಬಿಡ್ತು ಕಣೇ! ಮೆಷಿನ್ ನಿಲ್ಸೇ!"

ಕತ್ತರಿಯಕ್ಕನ ಕಾಲು ಪೆಡಲಿನ ಮೇಲೆ ತಾನಾಗಿಯೇ ನಿಂತಿತು. ಆ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು! ಕಣ್ಣು ತುಂಬಿಬಂದು ಸೂಜಿಯೇ ಕಾಣದಾಯಿತು. ಅಂಗಿಯನ್ನು ಸೂಜಿಯ ಕೆಳಗೇ ಬಿಟ್ಟು ಎದ್ದಳು.

ಇಬ್ಬರೂ ಓಡಿದರು. ಕಾವಲುಗಾರ ಕೇಳುವ ಮೊದಲೇ ಗೇಟು ತೆಗೆದ. ನಲ್ಲಿಯ ಬುಡದ ಗಿಡದಲ್ಲಿ ಒಂದೇ ಟೊಂಗೆಗೆ ಮೂರು ಬಗೆ: ಒಂದು ಹಳದಿ, ಒಂದು ಅರ್ಧ ಹಳದಿ ಅರ್ಧ ಕೆಂಪು, ಮೂರನೆಯದು ಹಳದಿಯ ಮೇಲೆ ಕೆಂಪು ಚುಕ್ಕೆ, ಕೆಂಪು ಗೀರು. ಅಮ್ಮನದೇ.

"ಇದೇನಾ?" ಎಂದರು ಅತ್ತೆ, ಇನ್ನೂ ಉಸಿರು ಸಿಗದೆ.

"ಇದೇ ಅತ್ತೆ" ಎಂದು ಕತ್ತರಿಯಕ್ಕ ಅವರ ಕೈಯಲ್ಲಿದ್ದ ಚಪ್ಪಲಿ ತೆಗೆದುಕೊಂಡು ಕಾಲ ಬಳಿ ಇಟ್ಟಳು. "ಹಾಕ್ಕೊಳ್ಳಿ. ಬೆನ್ನು ನೆಟ್ಟಗೆ ಮಾಡ್ಕೊಂಡು ಕೂರೋಣ. ಇವತ್ತು ಚಹಾ ನಾನು ಮಾಡ್ತೀನಿ."